ಮೌನಕ್ಕೆ ಪ್ರಾಂಪ್ಟ್ ಕೊಟ್ಟವನು

ಸಿಡ್ನಿಯ ನಮ್ಮ ಕನ್ನಡ ಸಂಘದ ನಾಟಕದಲ್ಲಿ ನಾನು ನಟನಾಗಿದ್ದದ್ದು ಒಂದೇ ಒಂದು ಸಲ. ಕಾವಲುಗಾರನ ಪಾತ್ರ. ಮಾತಿಲ್ಲ. ಭರ್ಜಿ ಹಿಡಿದು ನಿಲ್ಲಬೇಕು, ರಾಜ ಬಂದಾಗ ಬಗ್ಗಬೇಕು, ಅಷ್ಟೆ. ರಾಜನಿಗಿಂತ ಮೊದಲು ಮೈಕ್ ಸರಿಮಾಡಲು ಬಂದ ಅಂಕಲ್ ಒಬ್ಬರಿಗೆ ನಾನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಪಾಪ, ಅವರೂ ತಿರುಗಿ ನಮಸ್ಕಾರ ಮಾಡಿದರು. ಆಮೇಲೆ ನಿಜವಾದ ರಾಜ ಬಂದಾಗ ನನ್ನ ಭರ್ಜಿ ಹಿಂದಿನ ಪರದೆಗೆ ಸಿಕ್ಕಿಕೊಂಡು ಅರಮನೆ ನನ್ನ ಮೇಲೆಯೇ ಬಿತ್ತು. ಅರಮನೆ ಅಂದರೆ ನಮ್ಮ ಅಕ್ಕನ ಬೆಡ್‌ಶೀಟ್. ಮರುವರ್ಷದಿಂದ ನನ್ನನ್ನು ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಹಾಕಿದರು. ಪ್ರಾಂಪ್ಟರ್ ಕೆಲಸ.

ಅದರಲ್ಲಿ ಮಾತ್ರ ನಾನು, ಸುಳ್ಳು ಯಾಕೆ ಹೇಳಲಿ, ಪ್ರತಿಭಾವಂತ. ನಮ್ಮ ನಟರಿಗೆ ವಾರವಿಡೀ ಆಫೀಸು, ಶನಿವಾರ ಮಕ್ಕಳ ಸ್ವಿಮ್ಮಿಂಗ್ ಕ್ಲಾಸು. ಮಾತು ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿ? ಹಾಗಾಗಿ ಸೈಡ್ ವಿಂಗ್‌ನಲ್ಲಿ ಕೂತ ಪ್ರಾಂಪ್ಟರ್ ಪ್ರತಿ ಮಾತನ್ನೂ ಮೊದಲು ಹೇಳುತ್ತಾನೆ, ನಟ ಅದನ್ನು ಆಮೇಲೆ ಹೇಳುತ್ತಾನೆ. ಪ್ರೇಕ್ಷಕರಿಗೆ ಇಡೀ ನಾಟಕ ಎರಡೆರಡು ಸಲ ಕೇಳಿಸುತ್ತದೆ. ಯಾರೂ ದೂರುವುದಿಲ್ಲ. ಹಿಂದೆ ಬಿಸಿಬೇಳೆಬಾತ್‌ನ ಕ್ಯೂ, ಮುಂದೆ ಓಡಾಡುವ ಮಕ್ಕಳು, ಇವೆಲ್ಲದರ ಮೇಲೆ ಕೇಳಿಸುವಂಥ ಗಂಟಲು ಇದ್ದರಾಯಿತು. ನಾಟಕ ಮಾಡಿಸುವವರು ಮಂಗಳೂರು ಕಡೆಯ ಕ್ರಿಶ್ಚಿಯನ್ ಅಂಕಲ್ ಒಬ್ಬರು, ಮನೆಯಲ್ಲಿ ಕೊಂಕಣಿ, ಸ್ಟೇಜಿನಲ್ಲಿ ಅಚ್ಚ ಕನ್ನಡ. ಅವರು ನನಗೆ ಕಲಿಸಿದ್ದು ಒಂದೇ ಸೂತ್ರ.

"ನೋಡು ಮಾರಾಯ, ಸ್ಟೇಜ್ ಮೇಲೆ ಒಬ್ಬ ಎರಡು ಸೆಕೆಂಡ್ ಸುಮ್ಮನಾದ ಅಂದ್ರೆ ಮರ್ತಿದ್ದಾನೆ ಅಂತಲೇ ತಿಳ್ಕೋ. ಮೂರನೇ ಸೆಕೆಂಡ್ ನಿನ್ನದು."

ಈ ಪಾಠವೇ ಒಬ್ಬ ದೊಡ್ಡ ನಟನ ಕೊನೆಯ ಪಾತ್ರವನ್ನು ತಿಂದುಹಾಕಿತು.

ನಾನು ಆಗ ಕೆಲ್ಲಿವಿಲ್‌ನಲ್ಲಿ ಅಕ್ಕ-ಭಾವನ ಮನೆಯ ಮಹಡಿ ಕೋಣೆಯಲ್ಲಿದ್ದೆ. ಆ ಮನೆಯಲ್ಲಿ ನನಗೆ ಒಪ್ಪಿಸಿದ್ದ ಏಕೈಕ ಜವಾಬ್ದಾರಿ, ವಾರಕ್ಕೊಮ್ಮೆ ಕಸದ ಬಿನ್ ಹೊರಗಿಡುವುದು. ಒಂದು ವಾರ ಹಳದಿ ಮುಚ್ಚಳದ್ದು, ಇನ್ನೊಂದು ವಾರ ಹಸಿರು ಮುಚ್ಚಳದ್ದು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುತ್ತಿದ್ದ ನಾನು ಈ ಎರಡು ಬಣ್ಣದ ಲೆಕ್ಕವನ್ನು ಎರಡು ವರ್ಷದಲ್ಲಿ ಹಿಡಿಯಲಾರದೆ ಹೋದೆ. ಒಂದು ಬೆಳಿಗ್ಗೆ ಹಸಿರು ಬಿನ್ ಎಳೆದುಕೊಂಡು ಹೋಗುತ್ತಿದ್ದಾಗ ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಒಂದು ಧ್ವನಿ ಬಂತು.

"ಈ ವಾರ ಹಳದಿ."

ನಾನು ಬಿನ್ ಬಿಟ್ಟು ನೆಟ್ಟಗೆ ನಿಂತೆ. ತೀರ್ಪು ಕೊಟ್ಟ ಹಾಗಿತ್ತು. ಕೊಟ್ಟವರೇ ಆಗಿದ್ದರು ಕೂಡ. ಉಡುಪಿಯಲ್ಲಿ ನಾನು ಚಿಕ್ಕವನಿದ್ದಾಗ ಕೇಬಲ್ಲಿನ ಇಂಗ್ಲಿಷ್ ಚಾನೆಲ್‌ನಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದ ಒಂದು ಸಿನಿಮಾದಲ್ಲಿ ಈ ಮನುಷ್ಯ ನ್ಯಾಯಾಧೀಶರಾಗಿ ಕೂತು ಖಳನಾಯಕನಿಗೆ ಜೀವಾವಧಿ ಕೊಟ್ಟಿದ್ದರು. ಅಮೆರಿಕದ ಕಪ್ಪು ನಟ. ವರ್ಷಗಳ ಹಿಂದೆ ಒಂದು ನಾಟಕದ ತಂಡದ ಜೊತೆ ಸಿಡ್ನಿಗೆ ಬಂದು, ಇಲ್ಲಿಯವರನ್ನೇ ಮದುವೆಯಾಗಿ ಉಳಿದವರು. ಹೆಂಡತಿ ತೀರಿಹೋಗಿದ್ದರು. ಈಗ ಮಗಳ ಮನೆಯ ಹಿತ್ತಲಿನ ಒಂದು ಕೋಣೆಯ ಪುಟ್ಟ ಮನೆಯಲ್ಲಿ ಇದ್ದರು. ವಯಸ್ಸು ಎಂಬತ್ತರ ಹತ್ತಿರ. ಎರಡು ವರ್ಷದಿಂದ ನಾನು ಅವರ ಪಕ್ಕದಲ್ಲಿ ತಪ್ಪು ಬಿನ್ ಇಡುತ್ತಿದ್ದೆ.

"ಥ್ಯಾಂಕ್ಯೂ ಅಂಕಲ್" ಅಂದೆ. ಇಲ್ಲಿ ನಮಗೆ ಬಸ್ ಡ್ರೈವರೂ ಅಂಕಲ್, ಡೆಂಟಿಸ್ಟೂ ಅಂಕಲ್.

ಅವರು ಬೇಲಿಗೆ ಕೈಯೂರಿದರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ಇಂಗ್ಲಿಷನ್ನು ನನಗೆ ತಿಳಿದ ಕನ್ನಡದಲ್ಲಿ ಹಾಕುತ್ತಿದ್ದೇನೆ. "ನಮ್ಮ ಅಪ್ಪ ರೈಲ್ವೆ ಸ್ಟೇಷನ್‌ನಲ್ಲಿ ಸಾಮಾನು ಹೊರ್ತಿದ್ರು. ಅವರನ್ನ ಮಿಸ್ಟರ್ ಅಂತ ಕರೆಯೋಕೆ ಬಿಳಿಯರಿಗೆ ನಾಲಿಗೆ ಏಳ್ತಿರಲಿಲ್ಲ. ಅದಕ್ಕೆ ಅಂಕಲ್ ಅಂತಿದ್ರು. ಹತ್ತು ವರ್ಷದ ಹುಡುಗ್ರೂ. ನೀನು ಆ ಅರ್ಥದಲ್ಲಿ ಅಂದಿಲ್ಲ, ಗೊತ್ತು. ಹೆಸರು ಹಿಡಿದು ಕರಿ, ಸಾಕು."

ಎಂಬತ್ತರ ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಉಡುಪಿಯಲ್ಲಿ ಬೆಳೆದ ಗಂಟಲಿಗೆ ಆಗುವ ಕೆಲಸವಲ್ಲ. ಅಂಕಲ್ ಅನ್ನುವ ಹಾಗಿಲ್ಲ, ಹೆಸರು ಬಾಯಿಗೆ ಬರುವುದಿಲ್ಲ. ಅಲ್ಲಿಂದ ಮುಂದೆ ನಾನು ಅವರನ್ನು ಕರೆದದ್ದು "ಎಕ್ಸ್‌ಕ್ಯೂಸ್ ಮಿ" ಅಂತ. ಊಟಕ್ಕೆ ಕರೆಯುವಾಗಲೂ ಅದೇ.

ಅಕ್ಕನಿಗೆ ಹೇಳಿದರೆ ಬೈದಳು. "ಅಷ್ಟು ದೊಡ್ಡ ಜನ ಪಕ್ಕದಲ್ಲಿ ಉಂಟು, ನೀನು ಅವರ ಹತ್ರ ಕಸದ ಬಗ್ಗೆ ಮಾತಾಡಿದ್ದಾ?"

"ಅವರೇ ಶುರು ಮಾಡಿದ್ದು."

ಅವಳ ಮಗಳು ಫೋನಿನಿಂದ ತಲೆಯೆತ್ತದೆ, "ಮಾಮ, ಯು ಆರ್ ಸೋ ಎಂಬರಾಸಿಂಗ್" ಅಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಆಮೇಲೆ ಬೇಲಿಯ ಮೇಲಿನಿಂದ ನಮ್ಮ ಮಾತು ಬೆಳೆಯಿತು. ಅವರು ತಮ್ಮ ಐವತ್ತು ವರ್ಷದ ವೃತ್ತಿಯನ್ನು ಒಂದು ಕಾಫಿ ಮುಗಿಯುವುದರೊಳಗೆ ಹೇಳಿಬಿಡಬಲ್ಲವರಾಗಿದ್ದರು. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಬೈಬಲ್ ಓದಿ ಧ್ವನಿ ಬಂತು. ಧ್ವನಿಯಿಂದ ನಾಟಕ, ನಾಟಕದಿಂದ ಸಿನಿಮಾ. ಮೊದಲು ಡ್ರೈವರ್, ಅಡುಗೆಯವ, ಬಾಗಿಲು ತೆರೆಯುವವ. ಕೂದಲು ಬೆಳ್ಳಗಾದ ಮೇಲೆ ಬಡ್ತಿ ಸಿಕ್ಕಿತು: ಪೊಲೀಸ್ ಮುಖ್ಯಸ್ಥ, ನ್ಯಾಯಾಧೀಶ. ಆಸ್ಟ್ರೇಲಿಯಾದಲ್ಲಿ ಯಾವುದೇ ಧಾರಾವಾಹಿಗೆ ಅಮೆರಿಕದಿಂದ ಫೋನ್ ಬರಬೇಕಾದರೆ ಆ ಕಡೆಯ ಧ್ವನಿ ಇವರದು.

"ಎಷ್ಟು ಸಲ ಸತ್ತಿದ್ದೀನಿ, ಗೊತ್ತಿಲ್ಲ" ಅನ್ನುತ್ತಿದ್ದರು. "ಒಂದು ಸಲವೂ ಇಂಟರ್ವಲ್ ದಾಟಿಲ್ಲ."

ಗೌರವಕ್ಕೇನೂ ಕಡಿಮೆ ಇರಲಿಲ್ಲ. ಮೆಟ್ರೋದಲ್ಲಿ ಜನ ಎದ್ದು ಸೀಟು ಕೊಟ್ಟು, ನಿಮ್ಮನ್ನು ಎಲ್ಲೋ ನೋಡಿದ್ದೇವೆ ಅನ್ನುತ್ತಿದ್ದರು. ಎಲ್ಲಿ ಅನ್ನುವುದು ಯಾರಿಗೂ ನೆನಪಾಗುತ್ತಿರಲಿಲ್ಲ. ಒಂದು ದಿನ ಅವರನ್ನು ಪೆಂಡಲ್ ಹಿಲ್‌ಗೆ ದೋಸೆ ತಿನ್ನಿಸಲು ಕರೆದುಕೊಂಡು ಹೋದೆ. ಹೋಟೆಲಿನ ಯಜಮಾನರು ಬಂದವರೇ ಕೈ ಮುಗಿದು, "ಸರ್, ನಿಮ್ಮ ಬೌಲಿಂಗ್ ನೋಡಿಯೇ ನಾನು ಕ್ರಿಕೆಟ್ ಕಲ್ತದ್ದು" ಅಂದರು. ವೆಸ್ಟ್ ಇಂಡೀಸ್ ಆಟಗಾರ ಅಂದುಕೊಂಡಿದ್ದರು. ನಾನು ತಿದ್ದಲು ಬಾಯಿ ತೆರೆದೆ. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದು, ನಿಂಬೆಹಣ್ಣು ಕೈಗೆತ್ತಿಕೊಂಡು, ಚೆಂಡನ್ನು ಎರಡು ಬೆರಳ ನಡುವೆ ಹೇಗೆ ಹಿಡಿಯಬೇಕು ಅಂತ ಇಡೀ ಹೋಟೆಲಿಗೆ ತೋರಿಸಿದರು. ಜೀವನದಲ್ಲಿ ಒಂದು ಕ್ರಿಕೆಟ್ ಪಂದ್ಯ ನೋಡಿದವರಲ್ಲ. ಹೊರಗೆ ಬಂದ ಮೇಲೆ ಸ್ಟೇಷನ್ ಮೆಟ್ಟಿಲಲ್ಲಿ ಕೂತು, "ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಒಳ್ಳೇ ಪಾತ್ರ ಇದೇ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಹನ್ನೊಂದು ವರ್ಷ ಪಾತ್ರವಿಲ್ಲದೆ ಕೂತ ಮೇಲೆ ಅವರನ್ನು ಮೆಲ್ಬರ್ನ್‌ನಿಂದ ಒಂದು ಪುಟ್ಟ ನಾಟಕ ತಂಡದವರು ಕರೆದರು. ಕೊನೆಯ ಪ್ರಯಾಣಕ್ಕೆ ಹೊರಟ ಒಬ್ಬ ಮುದಿ ರೈಲ್ವೆ ಪೋರ್ಟರ್‌ನ ಕಥೆ. ಪೋರ್ಟರ್ ಪಾತ್ರ ಇವರದು, ಮೊದಲಿನಿಂದ ಕೊನೆವರೆಗೆ ರಂಗದ ಮೇಲೆ. ಅದೇ ತಿಂಗಳು ನನ್ನ ಆಫೀಸಿನವರು ನನ್ನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಸಾಫ್ಟ್‌ವೇರಿನಲ್ಲಿ ನಾನು ಹುಡುಕಿದ ತಪ್ಪುಗಳಿಗಿಂತ ನಾನು ಹಾಕಿದ ತಪ್ಪುಗಳು ಜಾಸ್ತಿಯಾಗಿದ್ದವಂತೆ. ಆ ಹಿರಿಯರ ಮಗಳು ಬೇಲಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಅಪ್ಪನಿಗೆ ಮಾತು ನೆನಪಿಸಲು, ಜೊತೆಗಿರಲು ಒಬ್ಬರು ಬೇಕು, ತಾನು ಕೆಲಸ ಬಿಟ್ಟು ಆರು ವಾರ ಹೋಗಲಾರೆ.

"ಈಚೆಗೆ ಒಂದೊಂದು ಮಾತು ಜಾರುತ್ತೆ ಅವರಿಗೆ" ಅಂದರು. "ಡೈರೆಕ್ಟರ್‌ಗೂ ಅನುಮಾನ ಇದೆ. ರಂಗದ ಮೇಲೆ ಒಂದು ಸಲ ತಡವರಿಸಿದ್ರೂ ಪಾತ್ರ ಬೇರೆಯವರಿಗೆ ಅಂತ ಮೊದಲೇ ಹೇಳಿದ್ದಾರೆ. ಇದೊಂದು ಮುಗಿಸಬೇಕು ಅಂತ ಅಪ್ಪನಿಗೆ ಆಸೆ."

"ನೀವು ಚಿಂತೆ ಮಾಡ್ಬೇಡಿ. ನಾನು ಪ್ರಾಂಪ್ಟರ್" ಅಂದೆ. ಡಾಕ್ಟರ್ ಅಂದ ಹಾಗೆ ಅಂದೆ.

ಮೆಲ್ಬರ್ನ್‌ನಲ್ಲಿ ಮೊದಲ ದಿನವೇ ನನ್ನ ಪ್ರತಾಪ ತೋರಿಸಿದೆ. ತಾಲೀಮಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದೆ. ಅಭ್ಯಾಸ. ಡೈರೆಕ್ಟರ್, ನಲವತ್ತು ದಾಟಿದ ಚುರುಕು ಹೆಂಗಸು, ನಾನು ಕಾಂಟ್ಯಾಕ್ಟ್ ಲೆನ್ಸ್ ಬೀಳಿಸಿಕೊಂಡಿದ್ದೇನೆ ಅಂದುಕೊಂಡು ಎಲ್ಲರನ್ನೂ ನಿಲ್ಲಿಸಿದರು. ಏಳು ಜನ ಮಂಡಿಯೂರಿ ಇಲ್ಲದ ಲೆನ್ಸ್ ಹುಡುಕಿದರು. ನಿಜ ಹೇಳುವ ಧೈರ್ಯ ಬಾರದೆ ನಾನೂ ಹುಡುಕಿದೆ. ನಮ್ಮ ಹಿರಿಯರಿಗೆ ಮಾತ್ರ ಹೇಳಿದೆ. ಮರುದಿನದಿಂದ ಅವರೂ ರಂಗಕ್ಕೆ ಕಾಲಿಡುವ ಮೊದಲು ಕಷ್ಟಪಟ್ಟು ಬಗ್ಗಿ ನೆಲ ಮುಟ್ಟತೊಡಗಿದರು.

ಆರು ವಾರ ನಾವು ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ, ಟ್ರಾಮ್‌ನಲ್ಲಿ, ನದಿ ದಂಡೆಯಲ್ಲಿ ಅದೇ ಮಾತುಗಳನ್ನು ಹೇಳಿಕೊಂಡೆವು. ಪೋರ್ಟರ್‌ನ ಮಾತು ಅವರು, ಉಳಿದ ಎಲ್ಲ ಪಾತ್ರ ನಾನು, ಒಬ್ಬ ಗಂಡ ಬಿಟ್ಟ ಹೆಂಗಸೂ ಸೇರಿ. ಅವರು ತಪ್ಪಿದ್ದು ತೀರಾ ಕಡಿಮೆ. ಮಂಗಳವಾರ ಅನ್ನುವ ಕಡೆ ಗುರುವಾರ, ಅಷ್ಟು.

ಕಷ್ಟ ಇದ್ದದ್ದು ಮಾತಿಲ್ಲದ ಒಂದು ಕಡೆ. ಎರಡನೇ ಭಾಗದಲ್ಲಿ ಪೋರ್ಟರ್ ಯಾರೋ ಬಿಟ್ಟುಹೋದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೆರೆಯುತ್ತಾನೆ, ಸುಮ್ಮನೆ ಕೂರುತ್ತಾನೆ, ಆಮೇಲೆ "ಈ ಪೆಟ್ಟಿಗೆ ಯಾರದೂ ಅಲ್ಲ" ಅನ್ನುತ್ತಾನೆ. ನಡುವಿನ ಮೌನ ತಾಲೀಮಿನಲ್ಲೇ ಮೂವತ್ತು ಸೆಕೆಂಡ್ ಹೋಗುತ್ತಿತ್ತು. ನಾನು ಪ್ರತಿಸಲವೂ ಬೆವರುತ್ತಿದ್ದೆ.

"ಯಾಕೆ ಅಷ್ಟು ಹೊತ್ತು?" ಅಂತ ಒಂದು ದಿನ ಟ್ರಾಮಿನಲ್ಲಿ ಕೇಳಿದೆ.

"ಅಲ್ಲಿ ನಾನು ನಮ್ಮಪ್ಪನ ಕೈ ನೋಡ್ತೀನಿ" ಅಂದರು. ಒಂದು ಸ್ಟಾಪ್ ಕಳೆಯಿತು. "ಐವತ್ತು ವರ್ಷ, ಸುಮ್ಮನೆ ಕೂತ ನನ್ನ ಮುಖದ ಮೇಲೆ ಒಂದು ಕ್ಯಾಮೆರಾನೂ ನಿಂತಿಲ್ಲ. ಬಾ, ಮಾತಾಡು, ಸಾಯಿ, ಮನೆಗೆ ಹೋಗು. ಇದೇ ಮೊದಲು, ಸುಮ್ಮನಿರು ಅಂತ ಹೇಳಿದ್ದಾರೆ ನನಗೆ."

ನಾನು ತಲೆಯಾಡಿಸಿದೆ. ಅರ್ಥವಾದವನ ಹಾಗೆ.

ಪತ್ರಿಕೆಯವರನ್ನು ಕರೆಯುವ ಮೊದಲು ಪರೀಕ್ಷೆಗೆಂದು ಎರಡು ಪ್ರದರ್ಶನ ಇಟ್ಟಿದ್ದರು, ಶನಿವಾರ ಮತ್ತು ಭಾನುವಾರ ಮಧ್ಯಾಹ್ನ. ಅಲ್ಲಿನ ತಂಡಗಳಲ್ಲಿ ಪ್ರಾಂಪ್ಟರ್ ಪದ್ಧತಿ ಇಲ್ಲ. ನಮಗಾಗಿ ಡೈರೆಕ್ಟರ್ ಎಡಗಡೆ ವಿಂಗ್‌ನಲ್ಲಿ ಒಂದು ಸ್ಟೂಲ್ ಹಾಕಿಸಿ, ಒಂದು ಷರತ್ತು ಹೇಳಿದರು. ನಟರು ತಾವಾಗಿ "ಲೈನ್" ಅಂತ, ಅಂದರೆ ಮಾತು ಕೊಡು ಅಂತ, ಕೇಳಿದರೆ ಮಾತ್ರ ಹೇಳಬೇಕು. ಕೇಳದಿದ್ದರೆ ಬಾಯಿ ತೆರೆಯುವ ಹಾಗಿಲ್ಲ. "ಅರ್ಥವಾಯ್ತಾ?" ಅಂತ ಎರಡು ಸಲ ಕೇಳಿದರು. ಎರಡು ಸಲವೂ ಆಯ್ತು ಅಂದೆ.

ಶನಿವಾರ ಸೀಟುಗಳೆಲ್ಲ ತುಂಬಿದ್ದವು. ಮೊದಲ ಭಾಗದಲ್ಲಿ ಅವರು ಮತ್ತೆ ಗುರುವಾರ ಅಂದರು. ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅಲ್ಲಿಂದ ನಾನು ಸ್ಕ್ರಿಪ್ಟಿನ ಮೇಲೆ ಬೆರಳಿಟ್ಟುಕೊಂಡೇ ಕೂತೆ. ಎರಡನೇ ಭಾಗ ಬಂತು. ಪೆಟ್ಟಿಗೆ ತೆರೆದರು, ಕೂತರು. ನಾನು ಎಣಿಸತೊಡಗಿದೆ. ಮೂವತ್ತು. ಮೂವತ್ತೈದು. ಯಾರೋ ಕೆಮ್ಮಿದರು. ಒಂದು ಸೀಟು ಕಿರುಗುಟ್ಟಿತು. ನಲವತ್ತಕ್ಕೆ ಅವರ ಕೈ ಪೆಟ್ಟಿಗೆಯ ಅಂಚಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಮೂರನೇ ಸೆಕೆಂಡ್ ನಿನ್ನದು ಅಂದಿದ್ದ ಅಂಕಲ್ ನನ್ನ ತಲೆಯೊಳಗೆ ಎದ್ದು ನಿಂತಿದ್ದರು. ಮೂವತ್ತೇಳು ಸೆಕೆಂಡ್ ಹೆಚ್ಚಾಗಿ ತಡೆದುಕೊಂಡಿದ್ದೆ, ಅದೇ ನನ್ನ ಜೀವನದ ದಾಖಲೆ.

"ಈ ಪೆಟ್ಟಿಗೆ ಯಾರದೂ ಅಲ್ಲ" ಅಂದೆ.

ಪಿಸುಮಾತಿನಲ್ಲಿ ಅಲ್ಲ. ಬಿಸಿಬೇಳೆಬಾತ್‌ನ ಕ್ಯೂ ದಾಟಿ ಕೊನೆಯ ಸಾಲಿಗೆ ಮುಟ್ಟುವ ಗಂಟಲಿನಲ್ಲಿ.

ಮುಂದಿನ ಸಾಲಿನಲ್ಲಿ ಯಾರೋ ಅರ್ಧ ನಕ್ಕು ನಿಲ್ಲಿಸಿದರು. ಅವರು ನಿಧಾನವಾಗಿ ನನ್ನ ಕಡೆಗೆ ತಿರುಗಿದರು, ಪ್ಲಾಟ್‌ಫಾರ್ಮಿನಿಂದ ಯಾರೋ ಕೂಗಿದ್ದನ್ನು ಪೋರ್ಟರ್ ಕೇಳಿಸಿಕೊಂಡ ಹಾಗೆ. ಆಗ ಅವರ ಕಣ್ಣು ನೋಡಿದೆ. ಮರೆತ ಮನುಷ್ಯನ ಕಣ್ಣಲ್ಲ ಅದು. ಎಲ್ಲೋ ಹೋಗಿದ್ದವರನ್ನು ಕೈ ಹಿಡಿದು ಎಳೆದ ಹಾಗಿತ್ತು. ಆಮೇಲೆ ಆ ಮಾತನ್ನು ಹಿಂದೆಂದೂ ಇಲ್ಲದಷ್ಟು ಮೆಲ್ಲಗೆ ಹೇಳಿ ನಾಟಕ ಮುಗಿಸಿದರು. ಒಂದಕ್ಷರ ತಪ್ಪಲಿಲ್ಲ. ಹೊರಗೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ಆ ಅಶರೀರವಾಣಿ ತುಂಬಾ ಚೆನ್ನಾಗಿತ್ತು ಅಂದರು.

ಡೈರೆಕ್ಟರ್ ಗ್ರೀನ್ ರೂಮಿನ ಬಾಗಿಲು ಹಾಕಿದರು. "ಮರೆತುಹೋಯ್ತಾ?"

"ಅವರು ಮರೆತಿಲ್ಲ" ಅಂತ ನಾನೇ ಬಾಯಿ ಹಾಕಿದೆ. "ಅವರು ಕೇಳಲಿಲ್ಲ. ನಾನೇ ಹೇಳಿಬಿಟ್ಟೆ. ನಮ್ಮ ಸಂಘದಲ್ಲಿ ಹಾಗೇ ಮಾಡೋದು. ತಪ್ಪು ಪೂರ್ತಿ ನನ್ನದು."

ಡೈರೆಕ್ಟರ್ ನನ್ನ ಭುಜ ತಟ್ಟಿದರು. "ನೀನು ಅವರನ್ನ ಉಳಿಸೋಕೆ ನೋಡ್ತಿದ್ದೀಯ. ಒಳ್ಳೇ ಹುಡುಗ ನೀನು."

ಹುಟ್ಟಿದ ಮೇಲೆ ನಾನು ತಮಾಷೆ ಬೆರೆಸದೆ ಹೇಳಿದ ಒಂದೇ ಒಂದು ನಿಜ ಅದು. ಯಾರೂ ನಂಬಲಿಲ್ಲ. ಡೈರೆಕ್ಟರ್ ಇವರ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಇವರು ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಟ್ಟವರಲ್ಲ. ಬಿನ್ ಯಾವುದು ಅಂದರೂ ಸ್ವಲ್ಪ ಹೊತ್ತು ತೆಗೆದುಕೊಳ್ಳುವವರು. ಅವತ್ತೂ ತೆಗೆದುಕೊಂಡರು. ಆ ಹೊತ್ತು ಉದ್ದವಾಗುತ್ತಾ ಹೋದ ಹಾಗೆ ಡೈರೆಕ್ಟರ್ ಮುಖದಲ್ಲಿ ನಿರ್ಧಾರ ಕೂರುತ್ತಾ ಹೋಯಿತು.

"ಮರೆತಿರಲಿಲ್ಲ" ಅಂದರು ಕೊನೆಗೆ.

"ನಾಳೆ ವಿಂಗ್‌ನಲ್ಲಿ ಪ್ರಾಂಪ್ಟರ್ ಬೇಡ. ನಾಳೆ ನೋಡೋಣ."

ಟ್ರಾಮ್ ಸ್ಟಾಪಿಗೆ ನಡೆಯುವಾಗ ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಷ್ಟು ಎಣಿಸಿದೆ?" ಅಂದರು.

"ನಲವತ್ತು."

"ನಾನು ಯಾವತ್ತೂ ಎಣಿಸಿಲ್ಲ." ಟ್ರಾಮ್ ಬಂತು, ನಿಂತಿತು. ಮೊದಲ ಬಾರಿಗೆ ನನ್ನ ತೋಳು ಹಿಡಿದುಕೊಂಡು ಹತ್ತಿದರು. "ನಾಳೆ ಎಣಿಸ್ತೀನಿ."

ಭಾನುವಾರ ನಾನು ಆರನೇ ಸಾಲಿನಲ್ಲಿ ಕೂತೆ. ಎಡಗಡೆ ವಿಂಗ್‌ನಲ್ಲಿ ಸ್ಟೂಲ್ ಹಾಗೇ ಇತ್ತು, ಖಾಲಿ. ಅವರು ನೆಲ ಮುಟ್ಟಿ ಬಂದದ್ದು ನನ್ನ ಸೀಟಿನಿಂದ ಕಂಡಿತು. ಮೊದಲ ಭಾಗ ಚೆನ್ನಾಗಿ ಹೋಯಿತು, ಮಂಗಳವಾರ ಮಂಗಳವಾರವಾಗಿಯೇ ಬಂತು. ಪೆಟ್ಟಿಗೆ ತೆರೆದು ಕೂತರು. ನಿನ್ನೆ ಇಲ್ಲದ್ದು ಇವತ್ತು ಕಂಡಿತು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು. ಅಪ್ಪನ ಕೈ ನೋಡುತ್ತಿರಲಿಲ್ಲ, ಅಂಕಿ ನೋಡುತ್ತಿದ್ದರು.

ಅಂಕಿ ಮುಗಿಯಿತು. ಮಾತು ಬರಲಿಲ್ಲ.

ಅವರು ಎಡಗಡೆ ತಿರುಗಿದರು. ಖಾಲಿ ಸ್ಟೂಲ್ ನೋಡಿದರು. "ಲೈನ್" ಅಂದರು, ಪೋರ್ಟರ್‌ನ ಧ್ವನಿಯಲ್ಲೇ, ಯಾರನ್ನೋ ದಾರಿ ಕೇಳಿದ ಹಾಗೆ.

ಮಾತು ನನ್ನ ಬಾಯಲ್ಲೇ ಇತ್ತು. ಹಲ್ಲಿನ ಹಿಂದೆ. ಆರು ವಾರದಿಂದ ನಿದ್ದೆಯಲ್ಲೂ ಹೇಳಿಕೊಂಡ ಮಾತು. ಇವತ್ತು ಪ್ರಾಂಪ್ಟರ್ ಬೇಡ ಅಂತ ಡೈರೆಕ್ಟರ್ ಹೇಳಿದ್ದರು, ಈ ಸಲವಾದರೂ ಹೇಳಿದ್ದು ಕೇಳೋಣ ಅಂತ ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಬೇಡದಾಗ ಕೂಗಿದ ಗಂಟಲು ಬೇಕಾದಾಗ ಶಿಸ್ತಿನ ಸಿಪಾಯಿಯಾಯಿತು.

"ಲೈನ್" ಅಂದರು ಮತ್ತೊಮ್ಮೆ.

ಬಲಗಡೆ ವಿಂಗ್‌ನಿಂದ ಒಬ್ಬ ಕಿರಿಯ ನಟ ಆ ಮಾತು ಕೊಟ್ಟ. ಇವರಿಗೆ ಆಗದಿದ್ದರೆ ಪಾತ್ರ ಮಾಡಲು ಅಂತ ತಂಡದವರು ಸಿದ್ಧವಾಗಿಟ್ಟಿದ್ದವನು. ದಿನವೂ ಇವರಿಗೆ ಕಾಫಿ ತಂದುಕೊಡುತ್ತಿದ್ದ, ಒಳ್ಳೆಯವನು. ಮಾತು ಎಷ್ಟು ಮೆಲ್ಲಗೆ, ಎಷ್ಟು ಸರಿಯಾಗಿ ಕೊಟ್ಟ ಅಂದರೆ ಎರಡನೇ ಸಾಲಿಗೂ ಕೇಳಿಸಿರಲಿಕ್ಕಿಲ್ಲ; ನನಗೆ ಕಂಡದ್ದು ಅವನ ತುಟಿ ಅಷ್ಟೆ. ಪ್ರಾಂಪ್ಟ್ ಕೊಡುವುದು ಹೇಗೆ ಅಂತ ನಾನು ಅವತ್ತು ಕಲಿತೆ.

ಸೋಮವಾರ ಡೈರೆಕ್ಟರ್ ನಮ್ಮ ಫ್ಲ್ಯಾಟಿಗೇ ಬಂದು, ಪಾತ್ರ ಆ ಕಿರಿಯ ನಟನಿಗೆ ಅಂತ ಹೇಳಿದರು. ಅತ್ತರು ಕೂಡ. ಅವರನ್ನು ಇವರೇ ಸಮಾಧಾನ ಮಾಡಿ, ಟೀ ಮಾಡಿಸಿ ಕಳಿಸಿದರು. ಅನಾರೋಗ್ಯದ ಕಾರಣ ಅಂತ ಥಿಯೇಟರ್ ಬಾಗಿಲಿಗೆ ಚೀಟಿ ಅಂಟಿಸಿದರು.

ಸಿಡ್ನಿಗೆ ವಿಮಾನ ಬೇಡ, ರೈಲೇ ಸಾಕು ಅಂದರು. ಹಗಲಿಡೀ ಪ್ರಯಾಣ. ಎದುರಿನ ಹೆಂಗಸು ತನ್ನ ಪೆಟ್ಟಿಗೆಯನ್ನು ಮೇಲಿಡಲು ಒದ್ದಾಡುತ್ತಿದ್ದಾಗ ಇವರು ಎದ್ದು ಕೈ ಚಾಚಿದರು. ಪೆಟ್ಟಿಗೆ ಎತ್ತಲು ಆಗಲಿಲ್ಲ. ನಾನು ಓಡಿಬಂದು ಎತ್ತಿ, ಅದನ್ನು ನನ್ನ ತಲೆಯ ಮೇಲೆಯೇ ಬೀಳಿಸಿಕೊಂಡೆ. ಇಡೀ ಬೋಗಿ ನಕ್ಕಿತು. ಅವರು ಕಿಟಕಿಯಾಚೆ ಒಣಹುಲ್ಲು ನೋಡುತ್ತಿದ್ದರು.

ಮಗಳು ನನ್ನನ್ನು ಒಂದು ಮಾತು ಅನ್ನಲಿಲ್ಲ. "ಇವತ್ತಲ್ಲ ನಾಳೆ ಆಗ್ಲೇಬೇಕಿತ್ತು" ಅಂದರು. ಅವರಿಗೂ ನಾನು ನಿಜ ಹೇಳಿದೆ. ಅವರೂ ಭುಜ ತಟ್ಟಿದರು. ಅಕ್ಕ ಒಬ್ಬಳೇ ನಂಬಿದವಳು. "ನೀನು ಕಿರುಚಿರ್ತೀ. ನನಗೆ ಗೊತ್ತುಂಟು" ಅಂದು ಅನ್ನ ಬಡಿಸಿದಳು.

ನಂತರದ ತಿಂಗಳುಗಳಲ್ಲಿ ಹಿರಿಯರ ಮಾತು ನಿಜವಾಗಿಯೂ ಜಾರತೊಡಗಿತು. ಮೆಲ್ಬರ್ನ್‌ನಿಂದ ಶುರುವಾದದ್ದೋ, ಮೊದಲೇ ಇದ್ದದ್ದೋ, ಯಾರನ್ನು ಕೇಳಲಿ? ಸಂಘದ ಅಂಕಲ್ ಈ ವರ್ಷದ ನಾಟಕಕ್ಕೆ ಫೋನ್ ಮಾಡಿದರು. ಗಂಟಲು ಹೋಗಿದೆ ಅಂದೆ.

ಹೋದ ವಾರ ಬೆಳಿಗ್ಗೆ ಬಿನ್ ಇಡಲು ಹೋದಾಗ ಅವರು ಬೇಲಿಯ ಹತ್ತಿರ ನಿಂತಿದ್ದರು.

"ಎಕ್ಸ್‌ಕ್ಯೂಸ್ ಮಿ, ಗುಡ್ ಮಾರ್ನಿಂಗ್" ಅಂದೆ.

ಅವರು ನನ್ನನ್ನು ನೋಡಿದರು. "ಈ ವಾರ" ಅಂದರು. ನಿಂತರು.

ಹಳದಿಯ ವಾರ ಅಂತ ನನಗೆ ಗೊತ್ತಿತ್ತು. ಈಗ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೂರನೇ ಸೆಕೆಂಡ್ ಕಳೆಯಿತು. ಹತ್ತು ಕಳೆಯಿತು. ಅವರು ಹುಡುಕುತ್ತಿದ್ದಾರೋ, ಸುಮ್ಮನೆ ನಿಂತಿದ್ದಾರೋ, ಅವರ ಮುಖದಿಂದ ಹೇಳಲು ನನಗೆ ಬರುವುದಿಲ್ಲ. ಯಾವತ್ತೂ ಬಂದಿರಲಿಲ್ಲ. ನನ್ನ ಬಾಯಿ ತೆರೆದು ಮುಚ್ಚಿತು.

ಕೊನೆಗೆ ನಾನು ಹಳದಿಯನ್ನೂ ಹಸಿರನ್ನೂ ಎರಡನ್ನೂ ರಸ್ತೆಗೆ ಎಳೆದುಕೊಂಡು ಹೋದೆ. ತಿರುಗಿ ನೋಡಿದಾಗ ಅವರು ಒಳಗೆ ಹೋಗಿದ್ದರು. ಆಮೇಲೆ ಲಾರಿ ಬಂದು ಒಂದನ್ನು ಮಾತ್ರ ಖಾಲಿ ಮಾಡಿಕೊಂಡು ಹೋಯಿತು.